ಬಿ-ಗೆ ಲಸಿಕೆ ಇದೆ, ಸಿ-ಗೆ ಯಾಕಿಲ್ಲ?

ಕಳೆದ ಸಂಚಿಕೆಯಲ್ಲಿ ಜಾಂಡೀಸ್ ಬಗ್ಗೆ ಬರೆಯುವಾಗ ‘ಹೆಪಟೈಟಿಸ್ ಸಿ-ಗೆ ಇನ್ನೂ ಲಸಿಕೆ ಬಂದಿಲ್ಲ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಇಷ್ಟು ಜನ ಕೇಳುತ್ತೀರಿ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ: ರಕ್ತದಿಂದ ಹರಡಿ ಲಿವರಿಗೆ ತಗುಲುವ ಈ ವೈರಸ್ಸಿಗೆ ಲಸಿಕೆ ಯಾಕೆ ಬಂದಿಲ್ಲ ಅನ್ನುವುದು. ನಾನು ಡಾಕ್ಟರಲ್ಲ, ರಕ್ತನಿಧಿಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವಳು. ಮಾತ್ರೆ ಬರೆದುಕೊಡಿ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಮೇಡಂ, ನಮ್ಮೂರಿನ ಶಿಬಿರದಲ್ಲಿ ರಕ್ತ ಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ಫೋನ್ ಮಾಡಿ ಕರೆಸಿ ‘ನಿಮಗೆ ಹೆಪಟೈಟಿಸ್ ಸಿ ಆಂಟಿಬಾಡಿ ಇದೆ’ ಅಂದರು. ಆಂಟಿಬಾಡಿ ಇದ್ದರೆ ಒಳ್ಳೆಯದೇ ಅಲ್ವಾ? ಕೊರೊನಾ ಟೈಮಲ್ಲಿ ಆಂಟಿಬಾಡಿ ಬಂದಿದೆ ಅಂದರೆ ಎಲ್ಲರೂ ಖುಷಿಪಡುತ್ತಿದ್ದರು. — ಓದುಗರು, ಮಂಡ್ಯ

ಉತ್ತರ: ನಿಮ್ಮ ಪ್ರಶ್ನೆಯನ್ನು ಬೇಕೆಂದೇ ಮೊದಲಿಗೆ ಇಟ್ಟಿದ್ದೇನೆ. ಇದು ಅರ್ಥವಾದರೆ ಲಸಿಕೆಯ ಕಥೆ ಅರ್ಧ ಅರ್ಥವಾದ ಹಾಗೆ.

ರೋಗಾಣು ನುಗ್ಗಿದಾಗ ಮೈ ತಯಾರಿಸುವ ಆಂಟಿಬಾಡಿ ಇದೆಯಾ ಅಂತ ನೋಡೋಕೆ ದಾನಿಗಳ ರಕ್ತವನ್ನು ನಾವು ಎಲೈಸಾ ಅನ್ನುವ ಪರೀಕ್ಷೆಗೆ ಹಾಕುತ್ತೇವೆ. ಪಡ್ಡಿನ ಕಾವಲಿ ನೋಡಿದ್ದೀರಲ್ಲ, ಹಾಗೇ ಗುಂಡಿ ಗುಂಡಿ ಇರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, 96 ಪುಟ್ಟ ಗುಂಡಿಗಳು. ಕಂಟ್ರೋಲ್‌ಗೆ ಅಂತ ಬಿಟ್ಟ ಕೆಲವು ಗುಂಡಿ ಬಿಟ್ಟರೆ ಉಳಿದವುಗಳಲ್ಲಿ ಒಂದಕ್ಕೆ ಒಬ್ಬ ದಾನಿಯ ಸೀರಮ್. ತೊಳೆದು, ಕಾದು, ಮತ್ತೆ ತೊಳೆದು, ಕೊನೆಗೆ ಬಣ್ಣ ಬರುವ ದ್ರಾವಣ ಹಾಕಿದರೆ ಆಂಟಿಬಾಡಿ ಇದ್ದ ಗುಂಡಿ ನೀಲಿಗೆ ತಿರುಗುತ್ತದೆ. ಅದಕ್ಕೆ ಆಸಿಡ್ ಬಿದ್ದ ಕೂಡಲೇ ಅಚ್ಚ ಹಳದಿ. ತೊಂಬತ್ತು ಬಣ್ಣವಿಲ್ಲದ ಗುಂಡಿಗಳ ನಡುವೆ ಒಂದೇ ಒಂದು ಹಳದಿ ಗುಂಡಿ ಕಂಡರೆ ಎಷ್ಟು ವರ್ಷ ಸರ್ವೀಸ್ ಆಗಿದ್ದರೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಸಿಬ್ಬಂದಿ ನಾವೆಲ್ಲ ನಮ್ಮದೇ ರಕ್ತದ ಟೈಟರ್ ಪರೀಕ್ಷೆ, ಅಂದರೆ ಆಂಟಿಬಾಡಿ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ, ಮಾಡಿಸುತ್ತಿದ್ದೆವು. ಅಲ್ಲಿ ಆಂಟಿಬಾಡಿ 10 ದಾಟಿದೆ ಅಂದರೆ ಸಂತೋಷ, ಬಿ ವೈರಸ್ಸು ನಮ್ಮನ್ನು ಮುಟ್ಟುವುದಿಲ್ಲ ಅಂತ ಲೆಕ್ಕ. ಸಿ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಆಂಟಿಬಾಡಿ ಅಂದರೆ ಕಳ್ಳ ಮನೆಗೆ ನುಗ್ಗಿದ್ದ ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ಇನ್ನೂ ಒಳಗೇ ಇದ್ದಾನಾ, ಓಡಿ ಹೋದನಾ, ನಾಳೆ ಇನ್ನೊಬ್ಬ ಬಂದರೆ ತಡೆಯುತ್ತದಾ, ಈ ಯಾವುದನ್ನೂ ಅದು ಹೇಳುವುದಿಲ್ಲ.

ಈಗ ನೀವು ಮಾಡಬೇಕಾದ್ದು ಒಂದೇ. ‘ಎಚ್‌ಸಿವಿ ಆರ್‌ಎನ್‌ಎ’ ಅನ್ನುವ ಎರಡನೇ ಪರೀಕ್ಷೆ ಮಾಡಿಸಿ. ಅದು ವೈರಸ್ಸನ್ನೇ ಹುಡುಕುತ್ತದೆ. ಸೋಂಕು ತಗುಲಿದ 100 ಜನರಲ್ಲಿ ಸುಮಾರು 30 ಜನರ ಮೈ ಯಾವ ಔಷಧಿಯೂ ಇಲ್ಲದೆ ಆರು ತಿಂಗಳೊಳಗೆ ವೈರಸ್ಸನ್ನು ಹೊರಹಾಕಿಬಿಡುತ್ತದೆ, ನೀವು ಅವರಲ್ಲಿ ಒಬ್ಬರಿರಬಹುದು. ಎಲೈಸಾ ಸುಮ್ನೆ ಹಳದಿ ತೋರಿಸುವುದೂ ಉಂಟು. ವೈರಸ್ ಸಿಕ್ಕರೂ ಕಂಗಾಲಾಗಬೇಡಿ. 2018ರ ಜುಲೈ 28ರಂದು ಶುರುವಾದ ಕೇಂದ್ರ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಆ 30 ಜನರನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಪ್ರಶ್ನೆ: ನಮ್ಮ ಭಾವನಿಗೆ ಡಯಾಲಿಸಿಸ್ ನಡೆಯುತ್ತಿದೆ, ಈಗ ಹೆಪಟೈಟಿಸ್ ಸಿ ಬಂದಿದೆ. ಮಗುವಿಗೆ ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೇವೆ, ಅದು ಇದಕ್ಕೂ ಆಗುತ್ತದಾ? ಕೊರೊನಾಗೆ ಒಂದೇ ವರ್ಷದಲ್ಲಿ ಲಸಿಕೆ ಮಾಡಿದವರಿಗೆ ಇದಕ್ಕೆ ಇಷ್ಟು ವರ್ಷ ಯಾಕೆ ಬೇಕು? ಕಂಪನಿಗಳಿಗೆ ಲಾಭ ಇಲ್ಲ ಅಂತಾನಾ? — ಓದುಗರು, ದಾವಣಗೆರೆ

ಉತ್ತರ: ಮಗುವಿನ ಲಸಿಕೆ ಬಿ-ಗೆ ಮಾತ್ರ. ಹೆಸರು ಒಂದೇ ಥರ ಇದೆ ಅಂತ ಎ, ಬಿ, ಸಿ ಅಣ್ಣತಮ್ಮಂದಿರೇನಲ್ಲ. ಮೂರೂ ಬೇರೆ ಬೇರೆ ಕುಲದ ವೈರಸ್ಸುಗಳು, ಮೂರಕ್ಕೂ ಲಿವರ್ ಇಷ್ಟ, ಅಷ್ಟೇ. ನಿಮ್ಮ ಭಾವನಿಗೆ ಡಯಾಲಿಸಿಸ್ ನಡೆಯುತ್ತಿದ್ದರೂ ಸಿ-ಗೆ ಮಾತ್ರೆ ಕೊಡಬಹುದು, ಅವರ ಕಿಡ್ನಿ ಡಾಕ್ಟರ ಹತ್ತಿರ ಕೇಳಿ. ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಬೇಡಿ, ಊಟದಿಂದ ಇದು ಹರಡುವುದಿಲ್ಲ. ಬ್ಲೇಡು, ರೇಜರ್ ಬೇರೆ ಇದ್ದರೆ ಸಾಕು.

ಇನ್ನು ‘ಯಾಕೆ ಇಷ್ಟು ವರ್ಷ’ ಅನ್ನುವುದಕ್ಕೆ ಬರೋಣ. ಬಿ ವೈರಸ್ಸಿನದು ಒಂದು ರೀತಿಯಲ್ಲಿ ಸುಲಭದ ಕೇಸು. ಅದರ ಹೊರಕವಚದ ಒಂದು ಪ್ರೋಟೀನನ್ನು ಮೈಗೆ ತೋರಿಸಿದರೆ ಸಾಕು, ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. 1981ರಲ್ಲಿ ಬಂದ ಮೊದಲ ಬಿ ಲಸಿಕೆಯಲ್ಲಿ ಆ ಪ್ರೋಟೀನನ್ನು ಸೋಂಕಿತರ ರಕ್ತದಿಂದಲೇ ತೆಗೆಯುತ್ತಿದ್ದರು. 1986ರ ಹೊತ್ತಿಗೆ ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿ ಬೆಳೆಸಿ ತೆಗೆಯುವುದನ್ನು ಕಲಿತರು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು.

ಸಿ-ದು ಹಾಗಲ್ಲ. 1975ರಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಜೊತೆಯವರು, ರಕ್ತ ಪಡೆದವರಿಗೆ ಬರುತ್ತಿದ್ದ ಹೆಪಟೈಟಿಸ್ ಎ-ನೂ ಅಲ್ಲ ಬಿ-ನೂ ಅಲ್ಲ ಅಂತ ತೋರಿಸಿದರು. ಮತ್ತೆ ಯಾವುದು? ಹದಿನಾಲ್ಕು ವರ್ಷ ಅದಕ್ಕೆ ‘ಎ ಅಲ್ಲದ, ಬಿ ಅಲ್ಲದ’ ಅನ್ನುವುದೇ ಹೆಸರು! 1989ರಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೋ ಮತ್ತು ಡೇನಿಯಲ್ ಬ್ರಾಡ್ಲಿ ಸೇರಿ ಅದರ ಜೀನನ್ನು ಹಿಡಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದಲ್ಲ, ಲ್ಯಾಬಿನಲ್ಲಿ ಬೆಳೆಸಿದ್ದೂ ಅಲ್ಲ, ಜೀನಿನ ಒಂದು ತುಣುಕು ಹಿಡಿದುಕೊಂಡು ಪತ್ತೆ ಮಾಡಿದ್ದು. ಅದನ್ನು ಲ್ಯಾಬಿನಲ್ಲಿ ಸರಿಯಾಗಿ ಬೆಳೆಸೋಕೆ ಆಗಿದ್ದು 2005ರಲ್ಲಿ, ಅದೂ ಜಪಾನಿನ ಒಬ್ಬ ರೋಗಿಯಿಂದ ಸಿಕ್ಕ ಒಂದು ತಳಿಯಿಂದ. ಬೆಳೆಸೋಕೇ ಬಾರದ ವೈರಸ್ಸಿಗೆ ಲಸಿಕೆ ಹುಡುಕುವುದು ಅಂದರೆ ಕತ್ತಲಲ್ಲಿ ದಾರಕ್ಕೆ ಸೂಜಿ ಹುಡುಕಿದ ಹಾಗೆ.

(ಒಂದು ಅಡ್ಡಮಾತು. 2013ರಲ್ಲಿ ಹೌಟನ್‌ಗೆ ಕೆನಡಾದ ಗೇರ್ಡ್ನರ್ ಪ್ರಶಸ್ತಿ ಬಂದಾಗ ಚೂ ಮತ್ತು ಕುವೋ ಅವರಿಗೆ ಕೊಡದಿದ್ದರೆ ನನಗೂ ಬೇಡ ಅಂತ ಬಿಟ್ಟುಬಿಟ್ಟರು. 2020ರಲ್ಲಿ ಆಲ್ಟರ್, ಚಾರ್ಲ್ಸ್ ರೈಸ್ ಜೊತೆ ನೊಬೆಲ್ ಬಂದಾಗ ತೆಗೆದುಕೊಂಡರು, ಅದಿರಲಿ. ಲ್ಯಾಬಿನಲ್ಲಿ ದುಡಿದವರಿಗೆ ಆ ಮೊದಲನೆಯ ‘ಬೇಡ’ದ ಬೆಲೆ ಗೊತ್ತು.)

ಈಗ ನಿಜವಾದ ತೊಡಕು. ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವವರು ಇದ್ದಾರೆ, ಇಲ್ಲದಿದ್ದರೆ ನನ್ನ ಕಾಗುಣಿತ ನೀವು ನೋಡಬೇಕಿತ್ತು. ಕೊರೊನಾ ವೈರಸ್ಸು ತನ್ನ ಪ್ರತಿ ತೆಗೆಯುವಾಗ ಅದರೊಳಗೂ ಹಾಗೆ ತಿದ್ದುವ ಒಂದು ವ್ಯವಸ್ಥೆ ಇದೆ, ತಪ್ಪು ಕಡಿಮೆ. ಸಿ ವೈರಸ್ಸಿನಲ್ಲಿ ತಿದ್ದುವವರೇ ಇಲ್ಲ. ಅದರ ಜೀನು ಸುಮಾರು 9,600 ಅಕ್ಷರದ್ದು. ಸೋಂಕು ತಗುಲಿದ ಒಬ್ಬನ ಮೈಯಲ್ಲಿ ದಿನಕ್ಕೆ ಹುಟ್ಟುವ ವೈರಸ್ಸು ಸುಮಾರು 1 ಲಕ್ಷ ಕೋಟಿ. ಅಷ್ಟೂ ಪ್ರತಿಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪು. ಹೆಚ್ಚಿನವು ಸತ್ತುಹೋಗುತ್ತವೆ, ಆದರೆ ಕೆಲವು ತಪ್ಪುಗಳು ವೈರಸ್ಸಿಗೇ ಲಾಭ, ಮೈಯ ಕಾವಲುಗಾರರಿಗೆ ಗುರುತು ಸಿಗದಂತೆ ಮುಖ ಬದಲಾಗಿರುತ್ತದೆ. ಹೀಗೇ ತಪ್ಪುತ್ತಾ ತಪ್ಪುತ್ತಾ ಲೋಕದಲ್ಲಿ ಈಗ 8 ಮುಖ್ಯ ಪ್ರಕಾರಗಳಾಗಿವೆ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 30 ಪರ್ಸೆಂಟ್ ವ್ಯತ್ಯಾಸ. ನಮ್ಮ ದೇಶದಲ್ಲಿ 3ನೇ ಪ್ರಕಾರ ಜಾಸ್ತಿ.

ಮೊದಲು ಕಳ್ಳ ಅಂದೆನಲ್ಲ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬರುವ ಕಳ್ಳರ ಕಥೆ ನಮ್ಮಜ್ಜಿ ಹೇಳುತ್ತಿದ್ದರು, ಹಿಡಿದರೆ ಜಾರಬೇಕು ಅಂತ. ಈ ವೈರಸ್ಸು ಅಕ್ಷರಶಃ ಹಾಗೇ. ರಕ್ತದಲ್ಲಿ ಓಡಾಡುವ ಕೊಬ್ಬಿನ ಕಣಗಳ ಜೊತೆ ಮೆತ್ತಿಕೊಂಡು ತಿರುಗುತ್ತದೆ. ಅದರ ಮೇಲೆ ಸಕ್ಕರೆಯ ಕಣಗಳ ಹೊದಿಕೆ ಬೇರೆ. ಎಲ್ಲಕ್ಕಿಂತ ಹೊರಗೆ ಒಂದು ತುಣುಕು ಎದ್ದು ಕಾಣುತ್ತದೆ, ನಮ್ಮ ಆಂಟಿಬಾಡಿಗಳು ಮೊದಲು ಅದಕ್ಕೇ ಕೈ ಹಾಕುತ್ತವೆ. ಆದರೆ ಜೀನಿನಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವ ಜಾಗವೂ ಅದೇ. ಕಳ್ಳನ ಹೆಗಲ ಮೇಲಿನ ಟವೆಲ್ಲು ಹಿಡಿದ ಹಾಗೆ, ಟವೆಲ್ಲು ಕೈಯಲ್ಲಿ ಉಳಿಯುತ್ತದೆ, ಅವನು ಬೇರೆ ಟವೆಲ್ಲು ಹಾಕಿಕೊಂಡು ಪಕ್ಕದ ಬೀದಿಯಲ್ಲಿರುತ್ತಾನೆ.

ಲಾಭದ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮ ಅನುಮಾನ ಪೂರ್ತಿ ತಪ್ಪೇನಲ್ಲ.

ಪ್ರಶ್ನೆ: ಜಾಂಡೀಸಿಗೆ ನೆಲನೆಲ್ಲಿ ರಸ ಕುಡಿದರೆ ಸಾಕು, ಲಸಿಕೆ ಯಾಕೆ? ನಮ್ಮ ಕಡೆ ಎಲ್ಲರಿಗೂ ಅದರಲ್ಲೇ ವಾಸಿಯಾಗಿದೆ. — ಓದುಗರು, ಶಿರಸಿ

ಉತ್ತರ: ನಿಮ್ಮ ಕಡೆ ವಾಸಿಯಾದ ಹೆಚ್ಚಿನವರಿಗೆ ಇದ್ದದ್ದು ನೀರಿನಿಂದ ಬರುವ ಎ ಅಥವಾ ಇ. ಸಾಮಾನ್ಯವಾಗಿ ಅದು ತಾನಾಗೇ ಹೋಗುತ್ತದೆ, ಹೆಸರು ನೆಲನೆಲ್ಲಿಗೆ ಬರುತ್ತದೆ. ಸಿ-ದು ತಂಟೆ ಏನಂದರೆ ಕಣ್ಣು ಹಳದಿಯಾಗುವುದೇ ಅಪರೂಪ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ, ಕಾಣಿಸುವ ಹೊತ್ತಿಗೆ ಸಿರೋಸಿಸ್ ಆಗಿರುತ್ತದೆ. ಕುಡಿಯದವನಿಗೂ. ರಸ ಕುಡಿಯಿರಿ, ಬೇಡ ಅನ್ನಲ್ಲ, ಪರೀಕ್ಷೆ ಮಾಡಿಸಿಕೊಂಡು ಕುಡಿಯಿರಿ.

ಪ್ರಶ್ನೆ: ನಾನು ಬಿಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಹೆಪಟೈಟಿಸ್ ಸಿ ಲಸಿಕೆ ಮನುಷ್ಯರ ಮೇಲೆ ಪರೀಕ್ಷೆ ಆಗಿ ಫೇಲ್ ಆಯ್ತು ಅಂತ ಓದಿದೆ. ಅಲ್ಲಿಗೆ ಮುಗಿಯಿತಾ? — ಓದುಗರು, ಶಿವಮೊಗ್ಗ

ಉತ್ತರ: ಮುಗಿದಿಲ್ಲ. ಆದರೆ ಫೇಲ್ ಆಗಿದ್ದು ನಿಜ, ಅದನ್ನು ಮುಚ್ಚಿಟ್ಟು ಹೇಳಬಾರದು.

ಮೊದಲ ದಾರಿ ಆಂಟಿಬಾಡಿಯದು. 1994ರಲ್ಲಿ ಚೂ ಮತ್ತು ಹೌಟನ್ ತಂಡ ವೈರಸ್ಸಿನ ಹೊರಗಿನ ಎರಡು ಪ್ರೋಟೀನುಗಳನ್ನು ಲಸಿಕೆಯಾಗಿ 7 ಚಿಂಪಾಂಜಿಗಳಿಗೆ ಕೊಟ್ಟು ಆಮೇಲೆ ಅದೇ ತಳಿಯ ವೈರಸ್ ಚುಚ್ಚಿತು. 5ಕ್ಕೆ ಸೋಂಕೇ ಆಗಲಿಲ್ಲ, ಉಳಿದ 2 ಸೋಂಕಾದರೂ ಗೆದ್ದವು. ಕೇಳೋಕೆ ಚೆನ್ನಾಗಿದೆ. ಆದರೆ ನೂರೆಂಟು ರೂಪದಲ್ಲಿ ಓಡಾಡುವ ವೈರಸ್ಸಿಗೆ ಒಂದು ತಳಿಯ ಮೇಲೆ ಗೆದ್ದರೆ ಸಾಕಾ? ಹಾಗಾಗಿ ಎರಡನೇ ದಾರಿ ಹುಡುಕಿದರು. ವೈರಸ್ಸಿನ ಹೊರಗಿನ ವೇಷ ಬದಲಾಗುತ್ತದೆ, ಒಳಗಿನ ಯಂತ್ರ ಅಷ್ಟೊಂದು ಬದಲಾಗುವುದಿಲ್ಲ. ಆ ಒಳಗಿನ ಪ್ರೋಟೀನುಗಳನ್ನು ಟಿ ಕಣಗಳು ಅನ್ನುವ ಬಿಳಿರಕ್ತಕಣಗಳಿಗೆ ಪರಿಚಯ ಮಾಡಿಸಿದರೆ, ಸೋಂಕಾದ ಲಿವರ್ ಕಣಗಳನ್ನೇ ಹುಡುಕಿ ಕೊಲ್ಲುತ್ತವಲ್ಲ? ಔಷಧಿ ಇಲ್ಲದೆ ವಾಸಿಯಾಗುವ ಆ 30 ಜನರಲ್ಲಿ ಟಿ ಕಣಗಳು ಚುರುಕಾಗಿರುವುದು ಕಂಡಿತ್ತು.

ಈ ಎರಡನೇ ದಾರಿಯ ಲಸಿಕೆಯಲ್ಲಿ ಮೊದಲ ಡೋಸು ಚಿಂಪಾಂಜಿಗಳಿಗೆ ತಗುಲುವ ಅಡಿನೋವೈರಸ್ ಅನ್ನುವ ವೈರಸ್ಸಿನ ಮೇಲೆ ಕೂರಿಸಿದ್ದು. ಕೋವಿಶೀಲ್ಡ್ ಹಾಕಿಸಿಕೊಂಡಿದ್ದೀರಾ? ಅದೂ ಇದೇ ಜಾತಿಯ ಗಾಡಿ. ಎರಡನೇ ಡೋಸು ಸಿಡುಬಿನ ಲಸಿಕೆಯ ವಂಶದ ಒಂದು ದುರ್ಬಲ ವೈರಸ್ ಮೇಲೆ. 2012ರಿಂದ 2018ರವರೆಗೆ ಬಾಲ್ಟಿಮೋರ್, ಸ್ಯಾನ್ ಫ್ರಾನ್ಸಿಸ್ಕೊ, ಆಲ್ಬುಕರ್ಕಿ ಊರುಗಳಲ್ಲಿ, ಸೂಜಿಯಲ್ಲಿ ಡ್ರಗ್ಸ್ ತೆಗೆದುಕೊಳ್ಳುವ 548 ಜನರ ಮೇಲೆ ನಡೆಯಿತು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಲಸಿಕೆ ಇಲ್ಲದ ಸುಮ್ನೆ ಚುಚ್ಚುಮದ್ದು. ಫಲಿತಾಂಶ 2021ರಲ್ಲಿ ಬಂತು. ವೈರಸ್ಸು ಶಾಶ್ವತವಾಗಿ ನೆಲೆಯೂರಿದವರು ಈ ಕಡೆ 14, ಆ ಕಡೆಯೂ 14.

ಹದಿನಾಲ್ಕಕ್ಕೆ ಹದಿನಾಲ್ಕು! ಇಷ್ಟು ವರ್ಷದ ಕೆಲಸಕ್ಕೆ ಇಂಥ ಉತ್ತರ ಬಂದರೆ ಹೇಗಿರಬೇಡ. ಆದರೆ ಆ ವರದಿಯ ಒಳಗೆ ಇನ್ನೆರಡು ವಿಷಯ ಇದೆ, ನೀವು ಮೈಕ್ರೋಬಯಾಲಜಿ ಓದುತ್ತಿರುವುದರಿಂದ ಹೇಳುತ್ತೇನೆ. ಲಸಿಕೆ ಪಡೆದ 78 ಪರ್ಸೆಂಟ್ ಜನರಲ್ಲಿ ಟಿ ಕಣಗಳು ಎದ್ದಿದ್ದವು. ಅವರಿಗೆ ಸೋಂಕಾದಾಗ ರಕ್ತದಲ್ಲಿ ವೈರಸ್ ಏರಿದ ಮಟ್ಟವೂ ಕಡಿಮೆ ಇತ್ತು. ಅಂದರೆ ಲಸಿಕೆ ವೈರಸ್ಸಿನ ಕಾಲು ಹಿಡಿದು ಎಳೆಯಿತು, ಬೀಳಿಸೋಕೆ ಆಗಲಿಲ್ಲ. ಆಂಟಿಬಾಡಿ ಮತ್ತು ಟಿ ಕಣ ಎರಡನ್ನೂ ಸೇರಿಸಬೇಕು ಅನ್ನುವುದು ಈಗ ಹೆಚ್ಚಿನವರ ಅಭಿಪ್ರಾಯ, ನನಗೂ ಅದೇ ಸರಿ ಅನಿಸುತ್ತದೆ. ಒಮ್ಮೆ ತಾವಾಗಿ ವಾಸಿಯಾದವರಿಗೆ ಮತ್ತೆ ಸೋಂಕಾದರೆ ಹೆಚ್ಚಿನ ಸಲ ಮತ್ತೆ ತಾವಾಗಿಯೇ ವಾಸಿಯಾಗುತ್ತಾರೆ. ಮೈಗೆ ದಾರಿ ಗೊತ್ತಿದೆ ಅಂತಾಯ್ತಲ್ಲ. ಹಾಗಾಗಿ ಈ ಲಸಿಕೆಯಿಂದ ಸೋಂಕೇ ಆಗಬಾರದು ಅಂತ ಯಾರೂ ಹಟ ಹಿಡಿದಿಲ್ಲ. ಬಂದ ವೈರಸ್ಸು ಆರು ತಿಂಗಳಲ್ಲಿ ಹೊರಟುಹೋದರೆ ಗೆದ್ದ ಹಾಗೆ.

ಪ್ರಶ್ನೆ: ಮೂರು ತಿಂಗಳು ಮಾತ್ರೆ ತಗೊಂಡರೆ ವಾಸಿಯಾಗುತ್ತೆ ಅಂತಾರೆ. ಮತ್ತೆ ಲಸಿಕೆಗೆ ದುಡ್ಡು ಸುರಿಯೋದು ಯಾಕೆ? — ಓದುಗರು, ಹುಬ್ಬಳ್ಳಿ

ಉತ್ತರ: ದಾವಣಗೆರೆಯವರ ಲಾಭದ ಪ್ರಶ್ನೆಗೂ ಇಲ್ಲೇ ಉತ್ತರ ಇದೆ.

ಮಾತ್ರೆ ಅದ್ಭುತವೇ. ನೂರಕ್ಕೆ 95ಕ್ಕೂ ಜಾಸ್ತಿ ಜನ ವಾಸಿಯಾಗುತ್ತಾರೆ. 2013ರ ಕೊನೆಯಲ್ಲಿ ಸೊಫೊಸ್ಬುವಿರ್ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. 2014ರಲ್ಲಿ ನಮ್ಮ ದೇಶದ ಕಂಪನಿಗಳಿಗೆ ಲೈಸೆನ್ಸ್ ಸಿಕ್ಕಿ ಬೆಲೆ ನೆಲಕ್ಕಿಳಿಯಿತು, ಈಗ ಸರ್ಕಾರವೇ ಕೊಡುತ್ತಿದೆ. ಆದರೆ ಇಷ್ಟು ಒಳ್ಳೆಯ ಮಾತ್ರೆ ಬಂದದ್ದೇ ಲಸಿಕೆಗೆ ಕಂಟಕವಾಯಿತು ಅಂತ ನನ್ನ ಅನಿಸಿಕೆ. ‘ಗುಣವಾಗುತ್ತಲ್ಲ, ಇನ್ನೇನು’ ಅಂತ ದುಡ್ಡು ಹಾಕುವವರು ಕೈ ಹಿಂದಕ್ಕೆ ಎಳೆದರು. ಲಸಿಕೆ ಮೊದಲು ಬೇಕಾಗಿರುವುದು ಯಾರಿಗೆ ನೋಡಿ. ಜೈಲಿನಲ್ಲಿರುವವರು, ಸೂಜಿಯ ಚಟಕ್ಕೆ ಬಿದ್ದವರು, ಒಂದೇ ಸಿರಿಂಜಿನಲ್ಲಿ ಊರಿಗೆಲ್ಲ ಇಂಜೆಕ್ಷನ್ ಹಾಕುವ ಕಡೆಯ ಬಡವರು. ಇವರು ಯಾವ ಕಂಪನಿಗೆ ಒಳ್ಳೆಯ ಗಿರಾಕಿಗಳು?

ಲೆಕ್ಕ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಲೋಕದಲ್ಲಿ 5 ಕೋಟಿ ಜನರಲ್ಲಿ ಸಿ ಇತ್ತು, ಭಾರತದಲ್ಲೇ ಸುಮಾರು 55 ಲಕ್ಷ. ಲೋಕದ ಆ 5 ಕೋಟಿಯಲ್ಲಿ ತಮಗೆ ಇದೆ ಅಂತ ಗೊತ್ತಿದ್ದವರು ನೂರಕ್ಕೆ 36 ಜನ. ಲೋಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೊಸಬರು ಸೇರುತ್ತಾರೆ. ಗೊತ್ತೇ ಇಲ್ಲದವನು ಮಾತ್ರೆ ನುಂಗುವುದು ಹೇಗೆ? ವಾಸಿಯಾದವನು ನಾಳೆ ಮತ್ತೆ ಅದೇ ಸೂಜಿ ಚುಚ್ಚಿಕೊಂಡರೆ ಮತ್ತೆ ಬರುತ್ತದೆ. ಮಾತ್ರೆಗೆ ನೆನಪಿನ ಶಕ್ತಿ ಇಲ್ಲ.

ಹಾಗಂತ ಲಸಿಕೆ ಬರುವವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಈಜಿಪ್ಟ್ ನೋಡಿ. ಅಲ್ಲಿ ನೈಲ್ ನದಿಯ ಬಸವನಹುಳುವಿನಿಂದ ಬರುವ ಒಂದು ಹುಳದ ರೋಗಕ್ಕೆ 1950ರ ದಶಕದಿಂದ 80ರ ದಶಕದವರೆಗೆ ಸರ್ಕಾರವೇ ಹಳ್ಳಿ ಹಳ್ಳಿಯಲ್ಲಿ ಇಂಜೆಕ್ಷನ್ ಹಾಕಿಸಿತು. ಗಾಜಿನ ಸಿರಿಂಜು, ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ. ಹುಳ ಹೋಯಿತು, ಸಿ ಬಂತು, ಲೋಕದಲ್ಲೇ ಅತಿ ಹೆಚ್ಚು ಸಿ ಇರುವ ದೇಶವಾಯಿತು. ಅದೇ ದೇಶ 2018-19ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷಿಸಿ, ಸಿಕ್ಕವರಿಗೆಲ್ಲ ಮಾತ್ರೆ ಕೊಟ್ಟು, ಹತ್ತು ಪರ್ಸೆಂಟಿನಷ್ಟಿದ್ದದ್ದನ್ನು 0.38ಕ್ಕೆ ಇಳಿಸಿತು. ಲಸಿಕೆ ಇಲ್ಲದೆಯೇ. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ. ಎಷ್ಟು ಸರ್ಕಾರಗಳು ಮಾಡುತ್ತವೆ, ನೀವೇ ಹೇಳಿ.

ನನ್ನದೂ ಒಂದು ಹೇಳಿಬಿಡುತ್ತೇನೆ. ಒಂದು ಸಂಜೆ ಆತುರದಲ್ಲಿ, ಮಾಡಬಾರದು ಅಂತ ಎಲ್ಲರಿಗೂ ಹೇಳಿಕೊಡುತ್ತಿದ್ದವಳು ನಾನೇ, ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಆ ರಕ್ತ ಮಾರನೆಯ ದಿನ ಸಿ ಪಾಸಿಟಿವ್ ಬಂತು. ಬಿ ಆಗಿದ್ದರೆ ನನಗೆ ಮೊದಲೇ ಲಸಿಕೆ ಆಗಿತ್ತು, ನಿದ್ದೆ ಬರುತ್ತಿತ್ತು. ಎಚ್‌ಐವಿ ಆಗಿದ್ದರೆ 28 ದಿನ ಮಾತ್ರೆ ಇತ್ತು. ಸಿ-ಗೆ? ಏನೂ ಇಲ್ಲ. ಕಾಯಿರಿ, ಪರೀಕ್ಷೆ ಮಾಡಿಸಿ, ಮತ್ತೆ ಕಾಯಿರಿ. ಆರು ತಿಂಗಳು ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಈಳಿಗೆಮಣೆಯ ಮುಂದೆ ಕೂರೋಕೆ ಹೆದರಿಕೆ. ಏನೂ ಆಗಲಿಲ್ಲ ಬಿಡಿ. ಆದರೆ ‘ಲಸಿಕೆ ಯಾಕೆ’ ಅಂತ ಕೇಳಿದರೆ ನನಗೆ ನೆನಪಾಗುವುದು ಆ ಹೆಬ್ಬೆರಳು.

ಪ್ರಶ್ನೆ: ನಮ್ಮ ದೇಶದಲ್ಲಿ ಯಾರಾದರೂ ಈ ಲಸಿಕೆಗೆ ಕೆಲಸ ಮಾಡುತ್ತಿದ್ದಾರಾ? — ಓದುಗರು, ಮೈಸೂರು

ಉತ್ತರ: ನಿಮ್ಮ ಹತ್ತಿರದಲ್ಲೇ ಮಾಡಿದ್ದಾರೆ. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್‌ಸಿಯಲ್ಲಿ ಸೌಮಿತ್ರ ದಾಸ್ ಅವರ ತಂಡ ಬಹಳ ವರ್ಷಗಳಿಂದ ಈ ವೈರಸ್ಸಿನ ಹಿಂದೆ ಬಿದ್ದಿದೆ. ನಮ್ಮಲ್ಲಿ ಜಾಸ್ತಿ ಇರುವ 3ನೇ ಪ್ರಕಾರದ ವೈರಸ್ಸಿನ ಖಾಲಿ ಚಿಪ್ಪುಗಳನ್ನು ತಯಾರಿಸಿದರು, ಒಳಗೆ ಜೀನಿಲ್ಲ, ಹಾಗಾಗಿ ರೋಗ ತರುವುದಿಲ್ಲ, ಹೊರಗಿನಿಂದ ನೋಡಿದರೆ ವೈರಸ್ಸೇ. ಮೊದಲು ಚಿಪ್ಪು, ಆಮೇಲೆ ಅಡಿನೋವೈರಸ್ ಡೋಸು ಕೊಟ್ಟಾಗ ಲ್ಯಾಬಿನ ಇಲಿಗಳಲ್ಲಿ ಒಳ್ಳೆಯ ಪ್ರತಿಕ್ರಿಯೆ ಬಂತು ಅಂತ 2016ರಲ್ಲಿ ಪ್ರಕಟಿಸಿದರು. ಅಮೆರಿಕದವರು ತಮ್ಮಲ್ಲಿ ಜಾಸ್ತಿ ಇರುವ 1ನೇ ಪ್ರಕಾರ ಹಿಡಿದು ಕೂತಿದ್ದಾಗ ಇಲ್ಲಿ 3ನ್ನು ಕೈಗೆತ್ತಿಕೊಂಡದ್ದು ಸಣ್ಣ ವಿಷಯವಲ್ಲ. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ತುಂಬಾ ಉದ್ದ, ಮೇಲಾಗಿ ಸಾಮಾನ್ಯ ಇಲಿಗೆ ಈ ಸೋಂಕೇ ತಗುಲುವುದಿಲ್ಲ.

ಪ್ರಶ್ನೆ: ಲಸಿಕೆ ಪರೀಕ್ಷೆಗೆ ಆರೋಗ್ಯವಂತರಿಗೆ ಬೇಕಂತಲೇ ಹೆಪಟೈಟಿಸ್ ಸಿ ಚುಚ್ಚುತ್ತಾರಂತೆ, ನಿಜವಾ? ಇದು ಅನ್ಯಾಯ ಅಲ್ವಾ? — ಓದುಗರು, ತುಮಕೂರು

ಉತ್ತರ: ಹಾಗೆ ಮಾಡಬಹುದು ಅನ್ನುವ ಪ್ರಸ್ತಾಪ ವಿಜ್ಞಾನಿಗಳ ನಡುವೆ ಗಂಭೀರವಾಗಿಯೇ ನಡೆದಿದೆ. ಕಾರಣ ಇದೆ. ಚಿಂಪಾಂಜಿಗಳ ಮೇಲಿನ ಪ್ರಯೋಗ ಅಮೆರಿಕದಲ್ಲಿ 2015ಕ್ಕೆ ನಿಂತಿತು, ನಿಲ್ಲಬೇಕಾದ್ದೇ. 2014ರಲ್ಲಿ ನ್ಯೂಯಾರ್ಕಿನ ಬೀದಿಯ ಇಲಿಗಳಲ್ಲಿ ಸಿ-ಗೆ ಹತ್ತಿರದ ಒಂದು ವೈರಸ್ ಸಿಕ್ಕಿ ಅದರಲ್ಲಿ ಒಂದಿಷ್ಟು ಕಲಿಯುತ್ತಿದ್ದಾರೆ, ಆದರೆ ಅದು ಇಲಿಯ ವೈರಸ್ಸು. ಮೊದಲು ಹೇಳಿದ ಅಮೆರಿಕದ ಪರೀಕ್ಷೆಗೆ ಆರು ವರ್ಷ ಬೇಕಾಯಿತು. ಸ್ವಯಂಸೇವಕರಿಗೆ ಲಸಿಕೆ ಕೊಟ್ಟು, ವೈರಸ್ ಚುಚ್ಚಿ, ಕೆಲವು ತಿಂಗಳು ನೋಡಿ, ಹೋಗದಿದ್ದರೆ ಮಾತ್ರೆ ಕೊಟ್ಟು ವಾಸಿ ಮಾಡಿದರೆ ಕೆಲವು ಡಜನ್ ಜನರಲ್ಲೇ ಉತ್ತರ ಸಿಗಬಹುದು. ಮಲೇರಿಯಾ, ಟೈಫಾಯಿಡ್, ಕಾಲರಾ ಲಸಿಕೆಗಳಿಗೆ ಹೀಗೆ ಮಾಡಿದ್ದಾರೆ.

ಅನ್ಯಾಯವಾ? ಮಾತ್ರೆ ಬರುವ ಮೊದಲಾಗಿದ್ದರೆ ಹೌದು ಅನ್ನುತ್ತಿದ್ದೆ. ಈಗ, ತಿಳಿದು ಒಪ್ಪಿದವರಾದರೆ, ಅವರ ಬಡತನ ನೋಡಿ ಕರೆತಂದದ್ದಲ್ಲವಾದರೆ, ನನಗೆ ಅಭ್ಯಂತರ ಇಲ್ಲ. ಒಂದು ವಿಷಯ ಮಾತ್ರ ರಕ್ತನಿಧಿಯವಳಾಗಿ ಹೇಳಬೇಕು. ವೈರಸ್ಸು ಹೋದರೂ ಆಂಟಿಬಾಡಿ ವರ್ಷಾನುಗಟ್ಟಲೆ ಉಳಿಯುತ್ತದೆ. ಆ ಸ್ವಯಂಸೇವಕ ಮುಂದೆ ಯಾವ ಶಿಬಿರಕ್ಕೆ ಹೋದರೂ ಅವನ ಗುಂಡಿ ಹಳದಿಯೇ, ಅವನ ರಕ್ತ ನಾವು ತೆಗೆದುಕೊಳ್ಳುವ ಹಾಗಿಲ್ಲ, ಅವನೇ ಬಂದು ‘ನಾನು ಪರೀಕ್ಷೆಗೆ ಒಪ್ಪಿದವನು, ವಾಸಿಯಾಗಿದ್ದೇನೆ’ ಅಂದರೂ. ಸಹಿ ಹಾಕಿಸಿಕೊಳ್ಳುವ ಫಾರ್ಮಿನಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿರಬೇಕು.